ಗೋಡೆಗೆ ಅಡ್ಡ ಹಚ್ಚಿದ ಬಿದಿರು

ಅಕ್ಕೋರಿಗೆ ಹಳದಿ ಬಿದಿರು ಇಷ್ಟವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ವಾದವೆಲ್ಲ ಇದರ ಮೇಲೆಯೇ ನಿಂತಿದೆ. ಹಾನಗಲ್ಲಿನ ಅವರ ಮನೆಗೆ ಈಗ ಹೋದರೆ ಕಿಟಕಿಯ ಹೊರಗೆ ಬಿದಿರು ಕಾಣುತ್ತದೆ, ಹಸಿರಾಗಿ, ಬಾಗಿ, ಗಾಳಿ ಇಲ್ಲದಾಗಲೂ ಅಲುಗಾಡುತ್ತ. ಅದರಲ್ಲಿ ಹಳದಿಯ ಒಂದು ಕಡ್ಡಿಯೂ ಇಲ್ಲ. ತನಗೆ ಬೇಕಾದದ್ದನ್ನು ಬೇಕು ಎನ್ನಲು, ಅದಕ್ಕೆ ಕಾರಣ ಕೊಡಲು, ಕೊಟ್ಟ ಕಾರಣವನ್ನು ಯಾರೆದುರೂ ಬಿಟ್ಟುಕೊಡದಿರಲು ನಮಗೆಲ್ಲ ಕಲಿಸಿದ ಹೆಂಗಸು, ತನ್ನ ಕಡೆಯ ಮಳೆಗಾಲದಲ್ಲಿ ತನಗೆ ಬೇಕಾದ ಬಿದಿರನ್ನು ಬಿಟ್ಟು ಬೇರೆ ತಂದರು. ಯಾಕೆ ಎಂದು ನನಗೆ ಅವರು ಹೇಳಲಿಲ್ಲ.

ಅವರು ನನಗೆ ಹೈಸ್ಕೂಲಿನಲ್ಲಿ ಸಮಾಜ ಕಲಿಸಿದವರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರಾದರೂ, ನಾನು ಅಕ್ಕೋರು ಎಂದರೆ ಮನೆಯಲ್ಲಿ ಯಾರೂ ಯಾವ ಅಕ್ಕೋರು ಎಂದು ಕೇಳುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಚರ್ಚಾಸ್ಪರ್ಧೆಗೆ ಹೋಗುವ ಮಕ್ಕಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದು ಅಲ್ಲಿಯ ಎತ್ತರದ ಸ್ಟೂಲುಗಳ ಮೇಲೆ ಕೂರಿಸುತ್ತಿದ್ದರು. ಅದಕ್ಕೂ ಒಂದು ಸಿದ್ಧಾಂತವಿತ್ತು: ಕಾಲು ನೆಲಕ್ಕೆ ತಾಗದವರು ವಾದ ಮಾಡುವಾಗ ನೆಲ ಬಡಿಯಲಾರರು, ಬಡಿಯದಿದ್ದರೆ ಮಾತನ್ನೇ ನಂಬಬೇಕಾಗುತ್ತದೆ. ನಾವು ಮಾತಾಡುತ್ತಿದ್ದರೆ ಅವರು ಹಲಗೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಮಾತಿನಲ್ಲಿ ಹುರುಳಿದ್ದರೆ "ಅದರ ಮುಂದ?" ಎನ್ನುವರು. ಇಲ್ಲದಿದ್ದರೆ ಏನೂ ಹೇಳದೆ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗುವರು. ಆ ಕನ್ನಡಕ ನಮ್ಮ ಶಾಲೆಯಲ್ಲಿ ಎಂಥೆಂಥ ಭಾಷಣಗಳನ್ನು ಕೊಂದಿದೆ ಎಂದು ಕೊಲ್ಲಿಸಿಕೊಂಡವರಿಗೇ ಗೊತ್ತು.

ಅವರ ದೊಡ್ಡ ನಿಯಮ ಒಂದೇ.

"ಎದರಿಗಿನವರ ಮಾತನ್ನ ಅವರಕಿಂತ ಚಂದಾಗಿ ನೀ ಹೇಳು. ಅವರು ಹೌದು ಅನ್ಲಿ. ಆಮ್ಯಾಲೆ ನಿಂದು ಬಾಯಿ ತಗಿ."

ಒಮ್ಮೆ ಹಿರೇಕೆರೂರಿನ ಸ್ಪರ್ಧೆಯಲ್ಲಿ ನಾನು ಒಬ್ಬ ಹುಡುಗಿಯನ್ನು ಮಾತಿನಲ್ಲಿ ನೆಲಕ್ಕೆ ಕೆಡವಿದೆ. ಸಭೆ ಚಪ್ಪಾಳೆ ಹೊಡೆಯಿತು, ಕಪ್ಪು ನನ್ನ ಕೈಗೆ ಬಂತು. ವಾಪಸು ಬಸ್ಸಿನಲ್ಲಿ ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಏನ್ರಿ ಅಕ್ಕೋರ, ಖುಷಿ ಆಗಲಿಲ್ಲೇನು ಎಂದು ಕೇಳಿದೆ. ಚಪ್ಪಾಳೆ ಹೊಡೆಸಿದೆ, ಆ ಹುಡುಗಿಯಿಂದ ಹೌದು ಅನ್ನಿಸಲಿಲ್ಲ ಎಂದರು. ಸೋತವಳು ಹೌದು ಅನ್ನಬೇಕೆ ಎಂದು ಅಕ್ಕಿಆಲೂರು ಬರುವವರೆಗೂ ಜಗಳ ಆಡಿದೆ. ಅವರು ಕನ್ನಡಕ ಒರೆಸುತ್ತ ಬಂದರು.

ನಾನು ಕಾನೂನು ಓದಲು ಹುಬ್ಬಳ್ಳಿಗೆ ಹೋದ ಮೇಲೆ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಸ್ಪತ್ರೆಯೂ ಹುಬ್ಬಳ್ಳಿಯದೇ. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಅವರ ತಮ್ಮ ತನ್ನ ಹಳೆಯ ವ್ಯಾನಿನಲ್ಲಿ ಕರೆತಂದು, ವ್ಯಾನು ನನಗೆ ಬಿಟ್ಟು ಬಸ್ಸಿನಲ್ಲಿ ಮರಳುವನು. ಸಂಜೆ ಅದೇ ವ್ಯಾನಿನಲ್ಲಿ ನಾನು ಅವರನ್ನು ಊರಿಗೆ ಕರೆದೊಯ್ಯುವೆ. ಡಾಕ್ಟರರು ಹೇಳಿದ್ದನ್ನು ಅಕ್ಕೋರು ದಾರಿಯಲ್ಲಿ ನನಗೆ ಒಪ್ಪಿಸುತ್ತಿದ್ದರು, ಎದುರು ಪಕ್ಷದ ವಾದವನ್ನು ಒಪ್ಪಿಸುವಂತೆಯೇ, ಡಾಕ್ಟರರಿಗಿಂತ ಚೆನ್ನಾಗಿ. ಒಂದು ಸಂಜೆ ಹಾಗೆ ಎಲ್ಲ ಹೇಳಿ ಮುಗಿಸಿ, "ಹೌದು ಅಂದೆ ನಾ" ಎಂದರು. 

ಅವರ ಕೋಣೆಯ ಕಿಟಕಿಯಾಚೆ ಸಣ್ಣ ಹಿತ್ತಲಿದೆ, ಹಿತ್ತಲಿನಾಚೆ ಕಲ್ಯಾಣ ಮಂಟಪದ ಬೋಳು ಗೋಡೆ. ಆ ಗೋಡೆಗೆ ಯಾವುದೋ ಬನಿಯನ್ನಿನ ಜಾಹೀರಾತು ಬರೆಸಿದ್ದರು. ಎದೆ ಉಬ್ಬಿಸಿ, ಮೀಸೆಯಡಿಯಲ್ಲಿ ನಗುತ್ತ, ಬನಿಯನ್ ತೊಟ್ಟ ಒಬ್ಬ ಗಂಡಸು. ಮಂಚದ ಮೇಲೆ ಮಲಗಿದರೆ ಅವನ ಮುಖ ನೇರ ಎದುರಿಗೆ. ಮದುವೆ ಬೇಡ ಎಂದು ಇಡೀ ಬಂಧುಬಳಗದ ಎದುರು ವಾದಿಸಿ ಗೆದ್ದಿದ್ದ ಹೆಂಗಸಿಗೆ ಇದಕ್ಕಿಂತ ಅವಮಾನ ಬೇಕೆ?

"ಸಾಯೂಮುಂದ ಇವನ ಮಾರಿ ನೋಡಿಕೋಂತ ಸಾಯಬೇಕೇನು ನಾ? ಏನರ ಹಸರು ಹಚ್ಚೂಣು. ಲಗೂನ ಬೆಳೀಬೇಕು. ನನಗ ಟೈಮಿಲ್ಲ."

ಬೇಗ ಬೆಳೆಯುವುದು, ಗೋಡೆ ಮುಚ್ಚುವುದು, ಬೇರು ಬಿಟ್ಟ ಮೇಲೆ ಹೆಚ್ಚು ಆರೈಕೆ ಕೇಳದ್ದು. ಅಂದಕ್ಕೆ ಬೆಳೆಸುವ ಬಿದಿರು ಎಂದು ನಾನೇ ಹೇಳಿದೆ. ಅವರ ಕಣ್ಣು ಅರಳಿದವು. ಪಕ್ಕದಲ್ಲಿ ಗಂಜಿ ಆರಿಸುತ್ತಿದ್ದ ಅವರ ತಾಯಿಯ ಕೈ ಅಲ್ಲೇ ನಿಂತಿತು.

ಅಜ್ಜಿ ಅಬಲೂರು ಕಡೆಯವಳು. ಬಿದಿರನ್ನು ಮನೆಯಂಗಳದಲ್ಲಿ ಹಚ್ಚಬಾರದು, ಹಚ್ಚಿದವರನ್ನು ಅದು ಒಯ್ಯುತ್ತದೆ ಎನ್ನುವುದು ಅವಳ ಮಾತು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಒಯ್ಯುವ ವಿಮಾನವನ್ನು ಬಿದಿರಿನ ಗಳಗಳಿಂದಲೇ ಕಟ್ಟುತ್ತಾರೆ. ಗಳ ಮನುಷ್ಯನ ಭಾರ ಹೊರುವಷ್ಟು ದಪ್ಪವಾದ ದಿನ ಹಚ್ಚಿದವನ ಆಯುಷ್ಯ ಮುಗಿಯಿತು ಎಂದು ಲೆಕ್ಕ. ಅವಳ ಅಣ್ಣ ಹೊಲದ ಬದುವಿಗೆ ಬಿದಿರು ಹಚ್ಚಿದ್ದನಂತೆ. ಮೆಳೆ ಚೆನ್ನಾಗಿ ಬಲಿತ ವರ್ಷವೇ ಹೋದನಂತೆ. ಅವನ ವಿಮಾನ ಕಟ್ಟಿದ್ದು ಅದೇ ಮೆಳೆಯ ಗಳದಿಂದ. ಅಜ್ಜಿ ಅದನ್ನು ಕಣ್ಣಾರೆ ಕಂಡಿದ್ದಳು.

ಇಂಥ ಸಾಕ್ಷ್ಯವನ್ನು ನಾನು ಬಿಡುವವಳೆ? ಸತ್ತ ಮೇಲೆ ಹತ್ತಿರದ ಬಿದಿರು ಕಡಿದರು ಅಷ್ಟೇ, ಬಿದಿರು ಇದ್ದದ್ದರಿಂದ ಸತ್ತದ್ದಲ್ಲ ಎಂದೆ. ಬೇವು ಹಚ್ಚಿದವರೂ ಸತ್ತಿದ್ದಾರೆ, ಏನೂ ಹಚ್ಚದವರೂ ಸತ್ತಿದ್ದಾರೆ ಎಂದೆ. ಅಜ್ಜಿ ಪೂರ್ತಿ ಕೇಳಿದಳು.

"ಸಾಯ್ತಾರವ್ವ, ಎಲ್ಲಾರೂ ಸಾಯ್ತಾರ. ನನ್ನ ಮಗಳು ಸಾಯೂದು ಬ್ಯಾಡ ಅಂತ ಹೇಳಾಕತ್ತೇನಿ ನಾ. ಊರ ಮಂದಿ ಸುದ್ದಿ ನನಗ್ಯಾಕ?"

ಮಂಚದ ಮೇಲಿನಿಂದ ಅಕ್ಕೋರು ನಕ್ಕರು. ಅವ್ವನಿಗೆ ಹತ್ತಕ್ಕೆ ಹತ್ತು, ನಿನಗೆ ಪಾಸು ಮಾರ್ಕ್ಸು ಎಂದರು. ನಗುವಾಗ ಹೊಟ್ಟೆ ಹಿಡಿದುಕೊಂಡದ್ದು ನಗೆಗಲ್ಲ, ನೋವಿಗೆ. ಅಜ್ಜಿ ಗಂಜಿಯ ಬಟ್ಟಲು ಅಲ್ಲೇ ಇಟ್ಟು ಒಳಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಎರಡು ಪಕ್ಷ. ನಾನು ವಿಜ್ಞಾನದ ಪಕ್ಷ, ಅಜ್ಜಿ ಭಯದ ಪಕ್ಷ. ಅಕ್ಕೋರು ನಮ್ಮ ಪಕ್ಷದವರು ಎಂದೇ ನಾನು ತಿಳಿದಿದ್ದೆ.

ಬಿದಿರು ಆರಿಸುವ ತಿರುಗಾಟ ಶುರುವಾದದ್ದು ಶಿಗ್ಗಾವಿಯಲ್ಲಿ. ಹೆದ್ದಾರಿಯ ಪಕ್ಕದ ನರ್ಸರಿಯಲ್ಲಿ ಹಳದಿ ಬಿದಿರು ಇತ್ತು. ಹಳದಿ ಕಾಂಡದ ಮೇಲೆ ಗೆಣ್ಣಿನಿಂದ ಗೆಣ್ಣಿಗೆ ಹಸಿರು ಗೆರೆಗಳು, ಒಂದು ದಪ್ಪ, ಒಂದು ತೆಳು. ಆಸ್ಪತ್ರೆಯಿಂದ ಸೋತು ಬಂದಿದ್ದ ಅಕ್ಕೋರು ವ್ಯಾನಿನಿಂದ ತಾವೇ ಇಳಿದು ಅದರ ಹತ್ತಿರ ಹೋದರು. ಯಾರೋ ಕುಂತು ಪೆನ್ನಿನಿಂದ ಗೆರೆ ಎಳೆದಂತಿದೆ ಎಂದರು. ಒಂದು ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದರು. ಎಷ್ಟೋ ತಿಂಗಳ ನಂತರ ಆ ಮುಖದ ಮೇಲೆ ಆಸೆ ಎನ್ನುವುದನ್ನು ಕಂಡೆ. ಇದೇ ಆಯಿತು, ಇನ್ನೆಲ್ಲಿಗೂ ಹೋಗುವುದು ಬೇಡ ಎಂದುಕೊಂಡೆ.

ನರ್ಸರಿಯ ಹಿಂದೆ ನೆಲದಲ್ಲಿ ಬೆಳೆದ ಅದರ ತಾಯಿಮೆಳೆ ಇತ್ತು. ಅಕ್ಕೋರು ಅಲ್ಲಿಗೂ ನಡೆದರು. ಒಂದು ಗಳದ ಸುತ್ತ ಎರಡೂ ಕೈಗಳಿಂದ ಉಂಗುರ ಮಾಡಿ ಹಿಡಿದರು, ದಪ್ಪ ನೋಡುವವರ ಹಾಗೆ. ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೈಬಿಟ್ಟು ತಿರುಗಿದರು.

"ಇದು ಬ್ಯಾಡ. ಕಾಮಾಲಿ ಬಂದಂಗ ಕಾಣ್ತೈತಿ."

ನಾನು ಬಿದ್ದುಬಿದ್ದು ನಕ್ಕೆ. ಅಕ್ಕೋರ, ಇಂಥ ವಾದ ನಾನು ಮಾಡಿದ್ದರೆ ನಿಮ್ಮ ಕನ್ನಡಕ ಈಗ ಸೆರಗಿನಲ್ಲಿ ಇರುತ್ತಿತ್ತು ಎಂದೆ. ಅವರು ವ್ಯಾನು ಹತ್ತಿ ಕುಳಿತು, ತಮ್ಮ ಮಾತಿಗೆ ತಾವೇ, ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನೊಂದು ಸಲ ಸವಣೂರಿಗೆ ಹೋದೆವು. ವೀಳ್ಯದೆಲೆಯ ತೋಟಗಳ ಮಗ್ಗುಲಲ್ಲಿ ಒಬ್ಬ ಮುಸ್ಲಿಂ ಹಿರಿಯರ ನರ್ಸರಿ. ಅವರು ಗೆಣ್ಣುಗಳ ನಡುವೆ ಡೊಳ್ಳುಹೊಟ್ಟೆಯಂತೆ ಉಬ್ಬಿದ ಬಿದಿರು ತೋರಿಸಿದರು. ಹೊಟ್ಟೆಯಲ್ಲಿ ಗಡ್ಡೆ ಇರೋದು ನಾನೊಬ್ಬಳೇ ಅಂದುಕೊಂಡಿದ್ದೆ ಎಂದು ಅಕ್ಕೋರು ಅದರ ಬೆನ್ನು ಸವರಿದರು. ಆಮೇಲೆ ಹಿರಿಯರು ಗಾಜಿನ ಲೋಟದಲ್ಲಿ ಸುರುಳಿ ಸುತ್ತಿ ನಿಂತಿದ್ದ ಅದೃಷ್ಟದ ಬಿದಿರು ತೋರಿಸಿದರು.

"ಇದು ಬಿದರ ಅಲ್ಲಲ್ರಿ ಸಾಹೇಬ್ರ," ಎಂದರು ಅಕ್ಕೋರು.

"ಅಲ್ಲ ಬಿಡ್ರಿ ಬಾಯಾರ. ಆದ್ರ ಅದೃಷ್ಟ ಅಂತೂ ಖರೇನ ಐತ್ರಿ."

"ಯಾರಿಗ್ರಿ?"

"ಸದ್ಯಕ್ಕ ಮಾರಾವಗ," ಎಂದು ಆ ಹಿರಿಯರು ಗಡ್ಡ ನೀವಿಕೊಂಡರು.

ಅಕ್ಕೋರಿಗೆ ಅವರು ಬಹಳ ಹಿಡಿಸಿಬಿಟ್ಟರು. ಅವರಿಬ್ಬರನ್ನೂ ಪಂಥಕ್ಕೆ ಬಿಟ್ಟು ನಾನು ದೂರ ನಿಂತು ನೋಡಬೇಕೆಂದಿದ್ದೆ. ಆದರೆ ಸವಣೂರಿಗೆ ಬಂದು ಅಲ್ಲಿಯ ಹೆಸರುವಾಸಿ ಕರಿದ ತಿಂಡಿ ಖಾರಾ ಒಯ್ಯದೆ ಹೋದರೆ ಅವ್ವ ಬೈಯುತ್ತಾಳೆ ಎಂದು ಅಕ್ಕೋರು ನನ್ನನ್ನು ಬಜಾರಿಗೆ ಅಟ್ಟಿದರು. ಖಾರದ ಪೊಟ್ಟಣ ಹಿಡಿದು ಬಂದಾಗ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು, ನಗು ಇರಲಿಲ್ಲ. ಹಿರಿಯರು ತಲೆ ತಗ್ಗಿಸಿ ಹೇಳುತ್ತಿದ್ದರು, ಅಂಥದ್ದೇ ಬೇಕೆಂದರೆ ಎಲೆ ಬಿದಿರು ಹಚ್ಚಿರಿ, ಅದು ನಿಮ್ಮ ಹಾನಗಲ್ಲಿನಲ್ಲೇ ಸಿಕ್ಕೀತು ಎಂದು. ಎಂಥದ್ದು ಎಂದು ಕೇಳಿದೆ. ಖಾರಾ ಬಿಸಿ ಐತೇನು ಎಂದು ಅಕ್ಕೋರು ಪೊಟ್ಟಣ ಬಿಚ್ಚಿದರು. ಆಗ ಅವರು ಖಾರಾ ತಿನ್ನುವ ಸ್ಥಿತಿಯಲ್ಲಿರಲಿಲ್ಲ. ಮೂಸಿ ನೋಡಿ ನನಗೆ ಕೊಟ್ಟರು.

ಹಿರೇಕೆರೂರಿನಲ್ಲಿ ಅವರ ಗೆಳತಿಯ ಮನೆಯ ಬಿದಿರೂ ನೋಡಿದೆವು. ಅದು ನೆಲದೊಳಗೇ ಹರಿದು, ಕಂಪೌಂಡು ದಾಟಿ, ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲನ್ನೇ ಎಬ್ಬಿಸಿತ್ತು. ಇದು ನಿನ್ನಂಥದ್ದು, ಕರೆಯದ ಕಡೆಗೆಲ್ಲ ತಲೆ ಹಾಕುತ್ತದೆ ಎಂದು ಅಕ್ಕೋರು ನನ್ನನ್ನು ಕಿಚಾಯಿಸಿದರು. ನಾನು ಮತ್ತೆ ಹಳದಿ ಬಿದಿರಿನ ಪರ ವಾದ ಹೂಡಿದೆ: ಅದು ಬುಡ ಬಿಟ್ಟು ಹರಿಯುವುದಿಲ್ಲ, ಬೇಗ ಬೆಳೆಯುತ್ತದೆ, ನಿಮಗೆ ಇಷ್ಟ. ಮೂರನೆಯದನ್ನು ಅಲ್ಲಗಳೆಯಿರಿ ನೋಡೋಣ ಎಂದೆ. ಅವರು ವ್ಯಾನಿನ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡರು. ಅವರು ಸುಮ್ಮನಾದರೆ ಗೆದ್ದೆ ಎಂದು ಕುಣಿಯುವ ವಯಸ್ಸು ನನ್ನದಾಗಿರಲಿಲ್ಲ. ಆದರೂ ಮೌನಕ್ಕೆ ಕಾರಣ ಆಯಾಸ ಎಂದಷ್ಟೇ ತಿಳಿದೆ.

ಕಡೆಗೆ ಆ ಹಿರಿಯರು ಹೇಳಿದ ಎಲೆ ಬಿದಿರು ಹಾನಗಲ್ಲಿನಲ್ಲೇ ಸಿಕ್ಕಿತು. ಎಲೆಗಳು ಜರೀಗಿಡದ ಹಾಗೆ ಒತ್ತೊತ್ತಾಗಿ, ಕಡ್ಡಿಗಳು ಕಿರುಬೆರಳಿಗಿಂತ ಸಣ್ಣವು. ಇದು ಬಿದಿರಲ್ಲ, ಹುಲ್ಲು ಎಂದೆ. ಎಲ್ಲ ಬಿದಿರೂ ಹುಲ್ಲೇ, ಓದಿಕೊಂಡು ಬಾ ಎಂದರು. ಆಳೆತ್ತರ ಬೆಳೆದಿದ್ದ ಗಿಡಗಳನ್ನೇ ಆರಿಸಿದರು. ಒಂದೊಂದರ ಕಡ್ಡಿಯನ್ನೂ ಎರಡು ಬೆರಳಿನಲ್ಲಿ ಹಿಡಿದು, ಬಗ್ಗಿಸಿ, ನೆಲಕ್ಕೆ ಮುಟ್ಟಿಸಿ ನೋಡಿದರು. ಸ್ವಲ್ಪ ಗಡುಸಾದದ್ದನ್ನು ಪಕ್ಕಕ್ಕಿಟ್ಟರು. ಯಾರಾದರೂ ಗಟ್ಟಿ ಗಿಡ ಬಿಟ್ಟು ಪೀಚು ಗಿಡ ಆರಿಸುವುದನ್ನು ನಾನು ಅದೇ ಮೊದಲು ನೋಡಿದ್ದು.

ಹಚ್ಚುವ ದಿನ ಅಜ್ಜಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಅಕ್ಕೋರು ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಮೊದಲ ಹಿಡಿ ಮಣ್ಣು ತಾವೇ ಹಾಕಿದರು. ನಾನು ಹುಬ್ಬಳ್ಳಿಗೆ ಹೋಗಿ ಮುಂದಿನ ರಜೆಗೆ ಬಂದರೆ ಆಶ್ಚರ್ಯ ಕಾದಿತ್ತು. ಬಿದಿರಿಗೆ ನೀರು ಹಾಕುತ್ತಿದ್ದವಳು ಅಜ್ಜಿ. ನಮ್ಮ ಪಕ್ಷ ಗೆದ್ದಿತಲ್ಲ ಅಕ್ಕೋರ ಎಂದು ಬೀಗಿದೆ. ಅವರು, "ಅದರ ಮುಂದ?" ಎಂದರು. ಮುಂದೇನು, ಅಜ್ಜಿ ಕಾರಣಕ್ಕೆ ಒಪ್ಪಿದಳು ಎಂದೆ. ಕನ್ನಡಕ ಆಗ ಮೇಜಿನ ಮೇಲಿತ್ತು. ಒರೆಸುವ ಶಕ್ತಿ ಅವರ ಕೈಯಲ್ಲಿರಲಿಲ್ಲ.

ಮಳೆ ಚೆನ್ನಾಗಿ ಹಿಡಿಯಿತು. ಬಿದಿರು ಅವರ ಅವಸರವನ್ನು ಅರ್ಥಮಾಡಿಕೊಂಡಂತೆ ಬೆಳೆಯಿತು ಎಂದು ಬರೆಯುವುದು ಸುಲಭ. ಗಿಡಕ್ಕೆ ಅವಸರ ಅರ್ಥವಾಗುವುದಿಲ್ಲ, ಮಳೆಗೆ ಬೆಳೆಯಿತು ಅಷ್ಟೇ. ನಾನು ಫೋನು ಮಾಡಿದಾಗಲೆಲ್ಲ ಅವರು ವರದಿ ಕೊಡುತ್ತಿದ್ದರು. ಬನಿಯನ್ ಪೂರ್ತಿ ಮುಚ್ಚಿತು. ಕುತ್ತಿಗೆ ಹೋಯಿತು. ಇವತ್ತು ನಗು ಹೋಯಿತು, ಮೀಸೆ ಉಳಿದಿದೆ. ದನಿ ಒಂದೊಂದು ಸಲಕ್ಕೂ ಸಣ್ಣದಾಗುತ್ತಿತ್ತು. ಕಡೆಯ ಸಲ ಫೋನು ಹಿಡಿದವಳು ಅಜ್ಜಿ. ಹುಬ್ಬಷ್ಟೇ ಉಳಿದಿವೆ ಅಂತ ಹೇಳು ಅಂತಾಳ ಎಂದಳು.

ನಾನು ಬಂದಾಗ ಹುಬ್ಬು ಹಾಗೇ ಇದ್ದವು. ಅಕ್ಕೋರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಕನ್ನಡಕ ಇರಲಿಲ್ಲ. ಕನ್ನಡಕ ಇಲ್ಲದ ಅವರನ್ನು ಎದುರಿಸುವುದು ನನಗೆ ಗೊತ್ತಿರಲಿಲ್ಲ, ಹಿತ್ತಲಿಗೆ ಹೋಗಿ ನಿಂತೆ.

ವಿಮಾನ ಕಟ್ಟುವವರು ಹಿತ್ತಲಿಗೇ ಬಂದರು. ಅಕ್ಕಿಆಲೂರಿನಿಂದ ಗಳ ತರಲು ಹೋದ ಟಂಟಂ ಗಾಡಿ ಇನ್ನೂ ಬಂದಿರಲಿಲ್ಲ. ಹೊತ್ತಾಗುತ್ತಿತ್ತು. ಅವರಲ್ಲೊಬ್ಬ ಕುಡುಗೋಲು ಹಿಡಿದು ಕಿಟಕಿಯ ಕಡೆ ನಡೆದ. ಮನೆಯಲ್ಲೇ ಬಿದಿರು ಇರುವಾಗ ಕಾಯುವುದು ಯಾಕೆ ಎಂದ. ಅವನ ತಪ್ಪಿಲ್ಲ, ದೂರದಿಂದ ಹಸಿರಷ್ಟೇ ಕಾಣುತ್ತಿತ್ತು. ನನಗೆ ಅಜ್ಜಿಯ ಅಬಲೂರಿನ ಅಣ್ಣ ನೆನಪಾದ. ತಡೆಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹಿಂಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

"ಅದು ಬರಂಗಿಲ್ಲಪಾ. ಯಾರನ್ನೂ ಹೊರಬಾರದು ಅಂತ ನೋಡಿ ಆರಿಸಿ ತಂದಾಳ ಆಕಿ."

ಅವನು ಒಂದು ಕಡ್ಡಿ ಹಿಡಿದು ನೋಡಿದ. ಅದು ಅವನ ಮುಷ್ಟಿಯೊಳಗೆ ಕಾಣದಂತಾಯಿತು. ಕೈಬಿಟ್ಟು ಹೊರಗೆ ಹೋದ.

ಆಮೇಲೆ, ಎಲ್ಲ ಮುಗಿದು ಜನ ಕರಗಿದ ಮೇಲೆ ಅಜ್ಜಿ ಹೇಳಿದಳು. ಗಿಡ ಹಚ್ಚಿದ ಮಾರನೆಯ ದಿನ ಮಗಳು ಅವಳ ಕೈಹಿಡಿದು ಹಿತ್ತಲಿಗೆ ಕರೆತಂದಳಂತೆ. ಅವ್ವನ ಭಯವನ್ನು ಅವ್ವನಿಗಿಂತ ಚೆನ್ನಾಗಿ ತಾನೇ ಹೇಳಿದಳಂತೆ: ಗಳ ಬಲಿಯುತ್ತದೆ, ಮಗಳನ್ನು ಹೊರುವಷ್ಟು ಆಗುತ್ತದೆ, ಆ ದಿನ ಒಯ್ಯುತ್ತದೆ, ಇದೇ ಅಲ್ಲವೇ ನಿನ್ನ ಹೆದರಿಕೆ ಎಂದು. ಅಜ್ಜಿ ಹೌದು ಅಂದಳಂತೆ. ಆಗ ಮಗಳು ನೀರು ತುಂಬಿದ ತಂಬಿಗೆಯನ್ನು ಒಂದು ಕಡ್ಡಿಗೆ ನೇತುಹಾಕಿದಳಂತೆ. ಕಡ್ಡಿ ಬಾಗಿ ತಂಬಿಗೆ ನೆಲಕ್ಕೆ ಕೂತಿತಂತೆ.

"ಒಂದು ತಂಬಿಗಿ ಹೊರಲಾರದ್ದು ನನ್ನ ಹೆಂಗ ಹೊತ್ತೀತ ಬೇ ಅವ್ವಾ, ಅಂದಳು. ನಾ ಅವತ್ತ ನಿದ್ದಿ ಮಾಡಿದೆ ನೋಡವ್ವ."

ಇದರ ಮೇಲೆ ನನಗೆ ಬೇಕಾದಷ್ಟು ತಕರಾರಿದೆ. ಮೂಢನಂಬಿಕೆಯನ್ನು ಒಡೆಯಬೇಕಾದವರು ಅದರೊಳಗೇ ಹೋಗಿ ಬಾಗಿಲು ಹಾಕಿಕೊಂಡಿರಿ ಎನ್ನಬೇಕು. ನನಗೆ ಯಾಕೆ ಹೇಳಲಿಲ್ಲ ಎನ್ನಬೇಕು. ಇಷ್ಟವಾದ ಒಂದು ಗಿಡವನ್ನಾದರೂ ಕಣ್ಣೆದುರು ಇಟ್ಟುಕೊಂಡು ಹೋಗುವ ಹಕ್ಕು ನಿಮಗಿರಲಿಲ್ಲವೇ ಎಂದು ಕೂಗಾಡಬೇಕು, ಕಾಲು ನೆಲಕ್ಕೆ ಬಡಿದು. ಎಲ್ಲಕ್ಕೂ ಅವರ ಉತ್ತರ ಏನಿರುತ್ತಿತ್ತು ಎಂದು ಬಲ್ಲೆ. ಎದುರಿನವರ ಮಾತನ್ನು ಅವರಿಗಿಂತ ಚೆನ್ನಾಗಿ ಹೇಳಲು ಈಗ ಬರುತ್ತದೆ. ಹೌದು ಅನ್ನಲು ಎದುರಿಗೆ ಅವರಿಲ್ಲ.

ಮೊನ್ನೆ ರಜೆಗೆ ಹೋದಾಗ ಹುಬ್ಬೂ ಮುಚ್ಚಿಹೋಗಿದ್ದವು. ಅಕ್ಕೋರ ತಮ್ಮನ ಹೆಂಡತಿ ಎಷ್ಟು ಹೇಳಿದರೂ ಕೇಳದೆ ಅಜ್ಜಿ ಆ ಕೋಣೆಯಲ್ಲೇ ಮಲಗುತ್ತಾಳೆ, ಅದೇ ಮಂಚದ ಮೇಲೆ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಚಹಾ ತರಿಸಿದಳು. ಓದು, ಪರೀಕ್ಷೆ ವಿಚಾರಿಸಿದಳು. ಆಮೇಲೆ ಕಿಟಕಿಯ ಕಡೆ ನೋಡುತ್ತ, ಮಗಳಿಗೆ ಹಳದಿಯದೇ ಬೇಕಾಗಿತ್ತು ಎಂದು ತನಗೆ ಗೊತ್ತು ಎಂದಳು. ಶಿಗ್ಗಾವಿಯಿಂದ ಬಂದ ದಿನ ಅದರ ಗೆರೆಗಳ ಸುದ್ದಿಯನ್ನು ಊಟ ಬಿಟ್ಟು ಹೇಳಿದ್ದಳಂತೆ.

"ಮುಂದಿನ ಸಲ ಬರೂಮುಂದ ಅದನ್ನ ಒಂದು ತಗೊಂಡ್ ಬಾರವ್ವ. ಚಲೋ ದಪ್ಪ ಆಗೂದನ್ನ. ನಾನ ಹಚ್ಚತೇನಿ, ನನ್ನ ಕೈಲೆ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಬಸ್ಸಿನ ಟೈಮು ಕೇಳುವವರ ದನಿ. ಅವಳು ನಂಬುವುದನ್ನು ಅವಳಷ್ಟೇ ಚೆನ್ನಾಗಿ ನಾನೂ ಹೇಳಬಲ್ಲೆ, ಆದ್ದರಿಂದ ಅವಳು ಕೇಳುತ್ತಿರುವುದು ತನ್ನನ್ನು ಒಯ್ಯುವ ಗಳವನ್ನು ಎನ್ನುವುದೂ ತಿಳಿಯಿತು.

ನನಗೆ ಅದರಲ್ಲಿ ನಂಬಿಕೆಯಿಲ್ಲ. ಬಿದಿರು ಯಾರನ್ನೂ ಒಯ್ಯುವುದಿಲ್ಲ ಎಂದು ಈಗಲೂ ಯಾವ ವೇದಿಕೆಯ ಮೇಲೂ ವಾದಿಸುತ್ತೇನೆ. ಹಾಗಿದ್ದ ಮೇಲೆ ಹಳದಿ ಬಿದಿರು ತಂದುಕೊಡಲು ನನಗೇನು ಅಡ್ಡಿ? ಹುಬ್ಬಳ್ಳಿಯಿಂದ ಬರುವ ಬಸ್ಸು ಆ ನರ್ಸರಿಯ ಮುಂದೆಯೇ ಹಾಯುತ್ತದೆ. ಅಜ್ಜಿ ಉತ್ತರಕ್ಕೆ ಕಾಯುತ್ತಿದ್ದಳು. ಚಹಾ ಲೋಟ ಕೆಳಗಿಟ್ಟೆ.

"ಹಳದಿದು ಬ್ಯಾಡಜ್ಜಿ," ಎಂದೆ. "ಕಾಮಾಲಿ ಬಂದಂಗ ಕಾಣ್ತೈತಿ."

ಅಜ್ಜಿ ನನ್ನ ಮುಖ ನೋಡಿದಳು.

"ಆಕಿನೂ ಹಿಂಗ ಅಂದಿದ್ದಳು," ಎಂದಳು.